ಎದುರಿನವನು ಸಿನೆಮಾದೊಳಗೆ ಆಡಿದ ಮಾತು

೧೯೯೬ರಲ್ಲಿ, ಏಳನೇ ಇಯತ್ತೆ ಅರ್ಧಕ್ಕೆ ಬಂದಾಗ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ದೀಪಾವಳಿ ರಜೆ ಮುಗಿದ ಮೇಲೆ ಪಾಟೀಚೀಲವನ್ನು ಗೂಟಕ್ಕೆ ಹಾಕಿ, ಅಪ್ಪ ದುಡಿಯುತ್ತಿದ್ದ ಶೆಡ್ಡಿಗೆ ಅವನ ಹಿಂದೆಯೇ ಹೋಗಿ ಕಂಡಿಕೆ ಸುತ್ತಲು ಕುಳಿತೆ. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂಡ್ರುವ ನೂಲಿನ ಸುರುಳಿ. ಅದು ತೀರಿದರೆ ಮಗ್ಗ ನಿಲ್ಲುತ್ತದೆ. ಮಗ್ಗ ನಿಲ್ಲಬಾರದು ಎಂಬುದು ನಾನು ಅಲ್ಲಿ ಕಲಿತ ಮೊದಲ ಪಾಠ. ಶಾಲೆಯಲ್ಲಿ ಕಲಿತದ್ದು ಬಹಳಷ್ಟು ಮರೆತಿದೆ, ಇದು ಮರೆತಿಲ್ಲ. ಅದೇ ಪಾಠದ ಮೇಲೆ ಬನಹಟ್ಟಿಯಲ್ಲಿ ಸ್ವಂತ ಶೆಡ್ಡು ಕಟ್ಟಿದ್ದೇನೆ. ಯಾರ ಮುಂದೆಯೂ ಕೈ ಒಡ್ಡಿ ಕಟ್ಟಿದ್ದಲ್ಲ.

ಶೆಡ್ಡಿನೊಳಗೆ ಮಾತು ಕೇಳಿಸುವುದಿಲ್ಲ. ಪಾವರ್‌ಲೂಮ್ ಓಡುತ್ತಿರುವಾಗ ಕಿವಿಗೆ ಬಾಯಿ ಹಚ್ಚಿ ಒದರಿದರೂ ಅಷ್ಟೇ. ಆದ್ದರಿಂದ ನಾವು ತುಟಿ ನೋಡುತ್ತೇವೆ. ಇದನ್ನು ಯಾರೂ ಕಲಿಸುವುದಿಲ್ಲ. ಎರಡು ವರ್ಷ ಮಗ್ಗದ ಮುಂದೆ ನಿಂತವನಿಗೆ ತಾನಾಗಿಯೇ ಬರುತ್ತದೆ. ದನಿ ಹೊರಡಿಸುವ ಅಗತ್ಯವೂ ಇಲ್ಲ, ಬಾಯಿ ಆಡಿಸಿದರೆ ಸಾಕು. ಹೊರಗಿನವರು ಬಂದರೆ ನಾವು ಹುಚ್ಚರ ಹಾಗೆ ಕಾಣುತ್ತೇವೆ. ನಮಗೆ ಮಾತ್ರ ಆ ಗದ್ದಲದಲ್ಲಿ ಊರಿನ ಸುದ್ದಿಯೆಲ್ಲ ಮುಗಿದಿರುತ್ತದೆ.

ಒಬ್ಬ ನೇಕಾರ ಎರಡು ಮಗ್ಗ ನೋಡಿಕೊಳ್ಳುತ್ತಾನೆ. ನನ್ನ ಜೋಡಿಯ ಆಚೆಗೆ ನನ್ನ ಗೆಳೆಯನ ಜೋಡಿ ಇತ್ತು. ಮೊದಲು ನಾವಿಬ್ಬರೂ ಬೇರೆ ಮಾಲಕರ ಶೆಡ್ಡಿನಲ್ಲಿ ಹೀಗೆಯೇ ಎದುರುಬದುರು ನಿಂತಿದ್ದೆವು. ನಾನು ಸ್ವಂತದ್ದು ಹಾಕಿದಾಗ ಅವನೂ ಬಂದ, ಇಲ್ಲಿಯೂ ಎದುರಿಗೇ ನಿಂತ. ಚಿಮ್ಮಡದವ, ಕುರಿ ಕಾಯುವ ಮನೆತನ. ಅಪ್ಪ ಅಜ್ಜಂದಿರೆಲ್ಲ ಬೀರೇಶ್ವರನ ಡೊಳ್ಳು ಬಾರಿಸಿದವರು. ಇವನೊಬ್ಬ ಕುರಿ ಬಿಟ್ಟು ಸಿನೆಮಾ ಹಿಡಿದ, ಸಿನೆಮಾಕ್ಕೆ ಹತ್ತಿರ ಇರಬೇಕೆಂದು ಬನಹಟ್ಟಿಗೆ ಬಂದು ಮಗ್ಗ ಹಿಡಿದ. ಅವನ ಹೆಂಡತಿ ನಮ್ಮ ಶೆಡ್ಡಿನಲ್ಲಿಯೇ ಕಂಡಿಕೆ ಸುತ್ತುತ್ತಾಳೆ. ಅವನನ್ನು ನಾನು ಹೆಸರು ಹಿಡಿದು ಕರೆದದ್ದು ಕಡಿಮೆ, ಗದ್ದಲದಲ್ಲಿ ಹೆಸರು ಯಾತಕ್ಕೆ? ಮನೆಯಲ್ಲಿ ಮಾತಾಡುವಾಗಲೂ ಎದುರಿನವ ಎನ್ನುತ್ತಿದ್ದೆ.

ಇಷ್ಟು ವರ್ಷ ಜೊತೆಗಿದ್ದು ಒಂದು ವಿಚಿತ್ರ ನನಗಾಗಿತ್ತು. ಅವನ ದನಿ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಲೈಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಅವನು ಮಾತಾಡಿದರೆ, ಇದ್ಯಾರಪ್ಪಾ ಎಂದು ಒಂದು ಕ್ಷಣ ತಿರುಗಿ ನೋಡುವಂತಾಗುತ್ತಿತ್ತು. ತುಟಿ ಮಾತ್ರ ನನಗೆ ನನ್ನ ಅಂಗೈಯಷ್ಟು ಪರಿಚಯ. ಮೇಲ್ದುಟಿಯ ಎಡಕ್ಕೆ ಒಂದು ಹಳೆಯ ಗಾಯದ ಗೆರೆ, ನಗುವ ಮುಂಚೆ ಅದು ಮೊದಲು ಅಲುಗುತ್ತಿತ್ತು.

ಅವನು ದಿನವಿಡೀ ಆಡುತ್ತಿದ್ದದ್ದು ಸಿನೆಮಾದ ಮಾತು. ಯಾವುದು ಶುಕ್ರವಾರ ಬರುತ್ತದೆ, ಯಾವುದರ ಟೀಸರ್ ಬಿದ್ದಿದೆ, ಯಾವ ಹೀರೋ ಗಡ್ಡ ಬಿಟ್ಟಿದ್ದಾನೆ, ಯಾವುದು ಮುಂದಕ್ಕೆ ಹೋಯಿತು. ಸಂಜೆ ಮಗ್ಗ ಬಂದ್ ಮಾಡಿ ನಾವು ಮುಚ್ಚಿದ ಟಾಕೀಸಿನ ಎದುರಿನ ಚಾದಂಗಡಿಗೆ ಹೋಗುತ್ತಿದ್ದೆವು. ಅಲ್ಲಿ ನಾವು ನಾಲ್ವರ ಕೂಟ. ನಾವಿಬ್ಬರು, ಚಾದಂಗಡಿಯವ, ಮತ್ತೆ ಜಮಖಂಡಿ ಬಸ್ಸಿನ ಒಬ್ಬ ಕಂಡಕ್ಟರ. ಕಂಡಕ್ಟರನೇ ನಮ್ಮ ಸುದ್ದಿಪತ್ರಿಕೆ. ಬೀಳಗಿಯಲ್ಲಿ ಯಾವ ಪೋಸ್ಟರ್ ಹಚ್ಚಿದ್ದಾರೆ, ಮುಧೋಳದಲ್ಲಿ ಯಾರ ಕಟೌಟು ನಿಂತಿದೆ, ಅದರ ಮೇಲೆ ಮಳೆಗೆ ಬಣ್ಣ ಇಳಿದು ಹೀರೋನ ಮೀಸೆ ಹೇಗೆ ಗದ್ದಕ್ಕೆ ಬಂದಿದೆ, ಎಲ್ಲ ಅವನು ತರುತ್ತಿದ್ದ. ಚಾದಂಗಡಿಯವನಿಗೆ ಯಾವ ಸಿನೆಮಾವೂ ಪಸಂದಿರಲಿಲ್ಲ, ನೋಡದೆಯೇ ಎಲ್ಲವನ್ನೂ ಬಯ್ಯುತ್ತಿದ್ದ. ನೋಡಿ ಬಯ್ಯಪ್ಪಾ ಎಂದರೆ, ಕೆಟ್ಟ ಹಾಲನ್ನು ಕುಡಿದೇ ನೋಡಬೇಕಾ, ವಾಸನೆ ಸಾಲದಾ ಎಂದು ಅವನ ಉತ್ತರ.

ಡಬ್ಬಿಂಗ್ ಸಿನೆಮಾ ಬಂದರೆ ನಮ್ಮಿಬ್ಬರಿಗೆ ಬೇರೆಯೇ ಮಜಾ. ಉಳಿದವರಿಗೆ ಒಂದು ಸಿನೆಮಾ ಕಂಡರೆ ನಮಗೆ ಎರಡು ಕಾಣುತ್ತವೆ. ಕೇಳುವುದೊಂದು, ತುಟಿ ಆಡುವುದೊಂದು. ಯಾವುದೋ ಭಾಷೆಯ ತುಟಿಯಾದರೂ ಸಿಟ್ಟು ಸಿಟ್ಟೇ, ಹಸಿವೆ ಹಸಿವೆಯೇ. ಒಮ್ಮೆ ಹೀರೋಯಿನ್ ಅಳುತ್ತ ದೊಡ್ಡ ಡೈಲಾಗ್ ಹೇಳುವಾಗ ಎದುರಿನವ ನನ್ನ ಪಕ್ಕೆ ತಿವಿದು ತುಟಿಯಲ್ಲೇ ಹೇಳಿದ, ‘ಆಕಿ ಏನೂ ಅನ್ನಾಕತ್ತಿಲ್ಲಲೇ, ಬರೇ ಒಂದ ಎರಡ ಎಣಸಾಕತ್ತಾಳ.’ ಆಮೇಲೆ ಇಡೀ ಸಿನೆಮಾದಲ್ಲಿ ನನಗೆ ಅವಳು ಎಣಿಸುವುದೇ ಕಂಡಿತು. ಅತ್ತವರ ನಡುವೆ ನಾವಿಬ್ಬರು ನಕ್ಕು ಹಿಂದಿನವರ ಕೈಯಲ್ಲಿ ಬೈಸಿಕೊಂಡೆವು.

ಎರಡು ವರ್ಷದ ಹಿಂದೆ, ಕಬ್ಬು ಕಡಿಯುವ ದಿನಗಳಲ್ಲಿ, ಮುಧೋಳದ ಆಚೆ ಒಂದು ಕುಸ್ತಿ ಸಿನೆಮಾದ ಶೂಟಿಂಗ್ ಬಂತು. ಕಬ್ಬು ಕಡಿದ ಹೊಲದಲ್ಲಿ ಕುಸ್ತಿಯ ಕಣ ತೋಡಿ ಕೆಮ್ಮಣ್ಣು ತುಂಬಿದ್ದರು. ಸುತ್ತ ನಿಂತು ಕೂಗಲು ಜನ ಬೇಕಿತ್ತು. ಸುದ್ದಿ ತಂದವನು ಕಂಡಕ್ಟರ. ಎದುರಿನವ ಆ ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ. ಮರುದಿನ ಮುಂಜಾನೆ ನನ್ನ ಮನೆ ಬಾಗಿಲಿಗೆ ಬಂದು ನಿಂತಿದ್ದ, ತಲೆಗೆ ಎಣ್ಣೆ ಹಚ್ಚಿಕೊಂಡು, ಮದುವೆಯ ಅಂಗಿ ತೊಟ್ಟು.

‘ನಡಿಯಲೇ, ಒಂದ ದಿನ. ಇಬ್ಬರೂ ಕೂಡಿ ನಿಲ್ಲೂಣು.’

ನಾನು ಬರುವುದಿಲ್ಲ ಎಂದೆ. ಹಾಸುನೂಲು ಸುತ್ತಿದ ಹೊಸ ಬೀಮನ್ನು ಮಗ್ಗಕ್ಕೆ ಏರಿಸಿದ್ದೆ, ಸೀರೆ ವ್ಯಾಪಾರಿಗೆ ಮಾತು ಕೊಟ್ಟಿದ್ದೆ. ಅವನ ಎರಡು ಮಗ್ಗ ನಿಲ್ಲುವುದೇ ಹೆಚ್ಚು, ನನ್ನವೂ ನಿಂತರೆ ಹೇಗೆ? ಹೀರೋನ ಹಿಂದೆ ನಿಂತು ಬಾಯಿ ತೆರೆಯುವುದಕ್ಕೆ ದುಡಿಮೆ ಬಿಟ್ಟು ಹೋಗುವವ ನಾನಲ್ಲ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ಇವತ್ತಿಗೂ ಅದು ತಪ್ಪೆಂದು ನಾನು ಒಪ್ಪುವುದಿಲ್ಲ. ಕೊಟ್ಟ ಮಾತಿನಂತೆ ಸೀರೆ ಹೋದವು. ಅವನು ಗಾಯದ ಗೆರೆ ಅಲುಗಿಸಿ ನಕ್ಕು, ನೀ ಮಗ್ಗ ಕಾಯಿ, ನಾ ಹೆಸರ ಮಾಡಿ ಬರತೇನಿ ಎಂದು ಹೊರಟ.

ಸಂಜೆ ಚಾದಂಗಡಿಗೆ ಬಂದಾಗ ಅವನ ಕಿವಿಯ ಹಿಂದೆಲ್ಲ ಕೆಮ್ಮಣ್ಣು. ಮುಂಜಾನೆಯಿಂದ ಬಿಸಿಲಿನಲ್ಲಿ ನಿಲ್ಲಿಸಿದ್ದರಂತೆ. ಹೀರೋ ಒಂದೇ ಪಟ್ಟನ್ನು ಮತ್ತೆ ಮತ್ತೆ ಹಾಕಿದನಂತೆ, ಕೆಳಗೆ ಬೀಳುವವ ನಿಜವಾದ ಪೈಲ್ವಾನ, ಪಾಪ, ಬೀಳಲು ಬರದೆ ಬೈಸಿಕೊಂಡನಂತೆ. ಎಲ್ಲರಿಗೂ ತಲೆಗೆ ಸುತ್ತಲು ಹಳದಿ ಪಟಕ ಕೊಟ್ಟಿದ್ದರು. ಇವನು ಅದನ್ನು ಸಿನೆಮಾದವರ ಹಾಗೆ ಸುತ್ತಿಕೊಳ್ಳದೆ ಚಿಮ್ಮಡದವರ ಹಾಗೆ ಒಂದು ಚುಂಗು ಕಿವಿಯ ಮೇಲೆ ಇಳಿಬಿಟ್ಟು ಸುತ್ತಿಕೊಂಡಿದ್ದನಂತೆ.

ಆಮೇಲೆ ಅವನು ನಮ್ಮ ಮೂವರನ್ನೂ ಹತ್ತಿರ ಕರೆದು ಹೇಳಿದ ಮಾತಿನಿಂದಲೇ ಇದೆಲ್ಲ ಆಯಿತು.

‘ಅಲ್ಲಿ ಒಬ್ಬ ಬಂದು ಹೇಳಿದ, ಬಾಯಿಗೆ ಬಂದದ್ದು ಕೂಗ್ರಿ, ಸೌಂಡ್ ನಾವು ಆಮ್ಯಾಲ ಹಾಕೋತೀವಿ ಅಂತ. ನನಗ ಹೊಳೀತು ನೋಡ್ರಿ. ದನಿ ಇಲ್ಲಾ, ಬರೇ ತುಟಿ. ನಮ್ಮ ಶೆಡ್ಡ ಇದ್ದಂಗ ಆತಲ್ಲ ಅಂತ. ಕ್ಯಾಮರಾ ನನ್ನ ಮಾರಿ ಮುಂದ ಬಂದಾಗ ನಾ ಒಂದು ಮಾತ ಹೇಳೇನಿ.’

ಏನು ಹೇಳಿದೆ, ಯಾರಿಗೆ ಹೇಳಿದೆ ಎಂದು ಕಂಡಕ್ಟರ ಕೇಳಿದ.

‘ಅದನ್ನ ಈಗ ಹೇಳೂದಿಲ್ಲ. ಪಿಚ್ಚರ್ ಬರಲಿ. ಯಾರಿಗೆ ಹೇಳೇನೋ ಅವರಿಗೆ ತಿಳೀತೈತಿ.’

‘ಟಾಕೀಸಿನ್ಯಾಗ ಒಬ್ಬರಿಗೆ ತಿಳಿಯೂ ಪಿಚ್ಚರ್ ಮಾಡ್ಯಾನ ಇಂವಾ’ ಎಂದು ಚಾದಂಗಡಿಯವ ಲೋಟ ತೊಳೆಯುತ್ತ ಅಂದ. ನಾವೆಲ್ಲ ನಕ್ಕೆವು.

ಆ ಸಿನೆಮಾ ಬರಲೇ ಇಲ್ಲ. ಸಂಕ್ರಮಣಕ್ಕೆ ಎಂದರು, ಯುಗಾದಿಗೆ ಎಂದರು, ಶ್ರಾವಣಕ್ಕೆ ಎಂದರು. ಹೀರೋನ ಇನ್ನೊಂದು ಸಿನೆಮಾ ನಡುವೆ ಬಂದು ಹೋಯಿತು. ಪ್ರತಿ ಸಲ ದಿನ ಮುಂದಕ್ಕೆ ಹೋದಾಗ ಕಂಡಕ್ಟರ ಬಸ್ಸಿನಿಂದ ಇಳಿಯುತ್ತಲೇ ದೂರದಿಂದ ಕೈ ಆಡಿಸುತ್ತಿದ್ದ, ಇಲ್ಲ ಎಂದು. ಎದುರಿನವ ಬೇಸರಪಡುತ್ತಿರಲಿಲ್ಲ. ‘ಮಾತ ಅಲ್ಲೇ ಐತಿ ತಗೋ, ಎಲ್ಲಿ ಹೋಗತೈತಿ’ ಎನ್ನುತ್ತಿದ್ದ. ಮಗ್ಗದ ಆಚೆಯಿಂದ ನನ್ನನ್ನು ಕಾಡಿಸಲು ತುಟಿಗಳನ್ನು ಏನೋ ಹೇಳುವವನಂತೆ ತೆರೆದು, ಹಾಗೆಯೇ ಮುಚ್ಚಿಬಿಡುತ್ತಿದ್ದ.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದವನು ಬರಲಿಲ್ಲ. ಅವನ ಎರಡು ಮಗ್ಗ ನಿಂತಿದ್ದವು, ನಾನು ನನ್ನವನ್ನು ಓಡಿಸುತ್ತಲೇ ಅತ್ತ ನೋಡಿ ಮನಸ್ಸಿನಲ್ಲೇ ಬೈದೆ. ಕಂಡಿಕೆ ಸುತ್ತುತ್ತಿದ್ದ ಅವನ ಹೆಂಡತಿ ಕರೆಯಲೆಂದು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಗದ್ದಲದಲ್ಲಿ ಏನೂ ಕೇಳಲಿಲ್ಲ. ಅವಳ ತುಟಿ ಮಾತ್ರ ಕಂಡಿತು, ಏಳವಲ್ಲರು ಎಂದು. ಊಟ ಮಾಡಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಎದೆ ನಿಂತಿತ್ತು.

ಮಣ್ಣು ಆದ ಮೂರನೆಯ ದಿನ ನಾನು ಮಗ್ಗ ಹಚ್ಚಿದೆ. ಜನ ಏನೆಂದುಕೊಂಡರೋ, ನನಗೆ ಗೊತ್ತಿದ್ದ ದಾರಿ ಅದೊಂದೇ. ಆದರೆ ತಲೆ ಎತ್ತಿದರೆ ಅವನ ಜಾಗ. ಅಲ್ಲಿ ಯಾರೂ ಇಲ್ಲದಿರುವಾಗಲೂ ನನ್ನ ಕಣ್ಣು ಅವನ ತುಟಿ ಇರುತ್ತಿದ್ದ ಎತ್ತರಕ್ಕೇ ಹೋಗಿ ನಿಲ್ಲುತ್ತಿತ್ತು. ಲಾಳಿ ಅತ್ತಿಂದಿತ್ತ ಹಾರುವಾಗ ಅಲ್ಲಿ ಗಾಳಿ ಅಲುಗಿದಂತಾಗುತ್ತಿತ್ತು, ಯಾರೋ ಬಾಯಿ ತೆರೆದು ಮುಚ್ಚಿದ ಹಾಗೆ. ಒಂದೆರಡು ಸಲ ನಾನು ಇತ್ತಿಂದ ‘ಏನಲೇ’ ಎಂದು ತುಟಿ ಆಡಿಸಿದ್ದೂ ಉಂಟು. ಆಮೇಲೆ ಸುತ್ತ ನೋಡಿದೆ, ಯಾರೂ ನೋಡಿರಲಿಲ್ಲ. ನೋಡಿದ್ದಳು. ಅವನ ಹೆಂಡತಿ ರಾಟೆಯ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು. ಕಣ್ಣು ತಗ್ಗಿಸಿ ನೂಲು ಹಿಡಿದಳು.

ಅವನ ಜೋಡಿಗೆ ಬೇರೆ ನೇಕಾರನನ್ನು ಹಚ್ಚಿದೆ. ಕೆಲಸಗಾರ ಛಲೋ ಇದ್ದಾನೆ, ಆದರೆ ಬಾಯಿ ತುಂಬ ಸದಾ ಗುಟ್ಕಾ. ಅವನ ತುಟಿ ಹೊಲಿದ ಚೀಲದಂತೆ. ಎದುರಿಗೆ ಒಬ್ಬ ಮನುಷ್ಯ ನಿಂತಿದ್ದೂ ನನಗೆ ಅಲ್ಲಿ ಖಾಲಿ ಇದ್ದಂತೆಯೇ ಆಯಿತು.

ಈ ಸಲದ ಬೇಸಿಗೆಯಲ್ಲಿ ಕಂಡಕ್ಟರ ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿ ನಿಂತು ಮೊಬೈಲು ಎತ್ತಿ ತೋರಿಸುತ್ತ ಬಂದ. ಕುಸ್ತಿ ಸಿನೆಮಾದ ಟ್ರೇಲರ್ ಬಿದ್ದಿತ್ತು, ತಾರೀಖೂ ಬಂದಿತ್ತು. ಚಾದಂಗಡಿಯ ಕಟ್ಟೆಯ ಮೇಲೆ ಮೂವರೂ ತಲೆ ಕೂಡಿಸಿದೆವು. ಹೀರೋ ಮೈಗೆ ಮಣ್ಣು ಹಚ್ಚಿಕೊಳ್ಳುತ್ತಾನೆ, ಅವನ ಪಕ್ಕಕ್ಕೆ ಒಂದು ನಾಯಿ. ಅದನ್ನು ಮುಧೋಳ ನಾಯಿ ಎಂದು ತೋರಿಸಿದ್ದರು.

‘ಇದು ಮುಧೋಳ ನಾಯಿ? ಇದರ ಹೊಟ್ಟಿ ನೋಡು. ನಮ್ಮ ನಾಯಿದ ಹೊಟ್ಟಿ ಬೆನ್ನಿಗೆ ಹತ್ತಿರತೈತಿ. ಇದು ಪ್ರೊಡ್ಯೂಸರ್ ಮನಿದ’ ಎಂದ ಚಾದಂಗಡಿಯವ.

ಕಂಡಕ್ಟರ ನಾಯಿ ಬಿಡು, ಜನರನ್ನು ನೋಡು ಎಂದು ಅವನನ್ನು ಸುಮ್ಮನಾಗಿಸಿದ. ಜನ ಕಂಡರು, ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು. ಬರೀ ಹಳದಿ ಪಟಕಗಳ ರಾಶಿ. ಒಂದು ಮೂಲೆಯಲ್ಲಿ ಒಂದು ಚುಂಗು ಕಿವಿಯ ಮೇಲೆ ಇಳಿಬಿದ್ದಂತೆ ಕಂಡಿತು. ಚಾದಂಗಡಿಯವ ಅವನೇ ಎಂದ. ಕಂಡಕ್ಟರ ಎಲ್ಲರ ಪಟಕವೂ ಅದೇ ಎಂದ. ಮತ್ತೆ ನೋಡಿದೆವು, ಮತ್ತೆ ನೋಡಿದೆವು. ಚಾ ಆರಿತು. ನಮ್ಮ ಕೂಟದಲ್ಲಿ ಆ ಸಂಜೆ ಮೊದಲ ಬಾರಿ ಯಾರೂ ಸಿನೆಮಾ ಓಡುತ್ತದೆಯೋ ಬೀಳುತ್ತದೆಯೋ ಎಂದು ವಾದ ಮಾಡಲಿಲ್ಲ.

ಮರುದಿನ ಅವನ ಹೆಂಡತಿ ಆ ಟ್ರೇಲರನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡಳು. ರಾಟೆಯ ಪಕ್ಕಕ್ಕೆ ಇಟ್ಟುಕೊಂಡು ಕಂಡಿಕೆ ತುಂಬುವ ನಡುನಡುವೆ ನೋಡುತ್ತಿದ್ದಳು. ಲೈಟು ಹೋಗಿ ಮಗ್ಗ ನಿಂತಾಗ ನನ್ನ ಹತ್ತಿರ ಬಂದು ಕೇಳಿದಳು.

‘ಅಣ್ಣಾ, ಅವರು ನಿಂತಿದ್ದ ತುಕಡಾ ಕಟ್ ಮಾಡಿರತಾರೇನ್ರಿ?’

ಗೊತ್ತಿಲ್ಲ ತಂಗಿ ಎಂದೆ. ಸಿನೆಮಾ ಎಂದರೆ ಇಟ್ಟುಕೊಂಡದ್ದಕ್ಕಿಂತ ಕತ್ತರಿಸಿ ಬಿಟ್ಟದ್ದೇ ಜಾಸ್ತಿ ಇರುತ್ತದೆ, ಅದನ್ನೂ ಹೇಳಿದೆ. ಸುಳ್ಳು ಆಸೆ ಕೊಡಬಾರದಲ್ಲ. ಆಗ ಅವಳು ಆ ದಿನದ ಮುಂಜಾನೆಯ ಮಾತನ್ನು ಹೇಳಿದಳು. ಅವನು ಮದುವೆಯ ಅಂಗಿ ತೊಟ್ಟು ಹೊರಟಾಗ ಇವಳಿಗೆ ಸಿಟ್ಟು ಬಂದಿತ್ತು. ದುಡಿಮೆ ಬಿಟ್ಟು ಕುಣಿಯಾಕ ಹೊಂಟೀರಿ, ನಾಳೆ ನಿಮ್ಮ ಸಿನೆಮಾದವರೇ ರೊಟ್ಟಿ ಹಾಕತಾರೇನು ಎಂದಿದ್ದಳಂತೆ. ಅವನು ರೊಟ್ಟಿ ಮುಟ್ಟದೆ, ಒಂದು ಮಾತೂ ಆಡದೆ ಹೋಗಿದ್ದ. ಸಂಜೆ ಬಂದಾಗ ಎಂದಿನಂತೆಯೇ ಇದ್ದ. ಆದರೆ ಅವಳ ಮಾತಿಗೆ ಉತ್ತರ ಕೊಟ್ಟಿರಲಿಲ್ಲ, ಮುಂದೆಯೂ ಕೊಡಲಿಲ್ಲ.

‘ನನಗ ಏನೋ ಅಂದಿರಬೇಕ್ರಿ ಅಲ್ಲಿ. ಒಳಗ ಇಟಗೊಂಡು ಹೋಗಿದ್ದನ್ನ ಅಲ್ಲಿ ಅಂದಿರತಾರ. ಅದೇನಂತ ಒಂದ ತಿಳೀಬೇಕ್ರಿ ನನಗ.’

ಅವಳು ನನ್ನಷ್ಟೇ ಚೆನ್ನಾಗಿ, ಒಂದೊಂದು ಸಲ ನನಗಿಂತ ಚೆನ್ನಾಗಿ ತುಟಿ ನೋಡುತ್ತಾಳೆ. ಯಾರೂ ಓದಿ ಹೇಳುವ ಅಗತ್ಯವಿಲ್ಲ. ಅವಳು ಟಾಕೀಸಿನಲ್ಲಿ ಇರಬೇಕು, ಅವನು ಪರದೆಯ ಮೇಲೆ ಇರಬೇಕು, ಇಷ್ಟೇ ಬೇಕಾದದ್ದು. ನನಗೂ ಒಳಗೆ ಒಂದು ಹೆದರಿಕೆ ಹುಟ್ಟಿತು. ಅವನು ಕಟುವಾದದ್ದನ್ನು ಏನಾದರೂ ಅಂದಿದ್ದರೆ? ಸತ್ತವನ ಬಾಯಿಂದ ಅಂಥದ್ದು ಬಂದರೆ ಅದನ್ನು ತಿರುಗಿಸಿ ಕೇಳುವುದು ಯಾರನ್ನು?

ಇನ್ನೊಂದು ತೊಡಕಿತ್ತು. ವರ್ಷ ತುಂಬಿರಲಿಲ್ಲ. ವರ್ಷದ ಕಾರ್ಯ ಆಗದೆ ಗಂಡ ಸತ್ತವಳು ಟಾಕೀಸಿಗೆ ಹೋದರೆ ಓಣಿ ಬಿಡುತ್ತದೆಯೇ? ಕಾಯೋಣ ಎಂದರೆ ಈಗಿನ ಸಿನೆಮಾ ಒಂದು ವಾರ ನಿಂತರೆ ದೊಡ್ಡದು. ಮೊಬೈಲಿಗೆ ಬರುವ ತನಕ ತಡೆಯಿರಿ ಎಂದು ಕಂಡಕ್ಟರ ಹೇಳಿದ. ಅಷ್ಟು ಚಿಕ್ಕ ಪರದೆಯಲ್ಲಿ, ಜನರಾಶಿಯ ನಡುವೆ, ಕಾಳಿನಷ್ಟು ಬಾಯಿಯನ್ನು ಓದುವುದು ಹೇಗೆ? ಟ್ರೇಲರನ್ನು ನಿಲ್ಲಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ ನಾವು ನೋಡಿದ್ದೆವು. ನಿಲ್ಲಿಸಿದರೆ ತುಟಿ ಮಾತಾಡುವುದಿಲ್ಲ. ತುಟಿ ಓಡುತ್ತಿರಬೇಕು, ಲಾಳಿಯ ಹಾಗೆ.

ಕಡೆಗೆ ಚಿಮ್ಮಡಕ್ಕೆ ಹೋಗಿ ಅವನ ತಾಯಿಯನ್ನೇ ಕೇಳುವುದೆಂದು ನಾನು ಮತ್ತು ಅವನ ಹೆಂಡತಿ ಹೋದೆವು. ಮುದುಕಿ ಕುರಿದೊಡ್ಡಿಯ ಬದಿಗೆ ಕಂಬಳಿ ಹಾಸಿಕೊಂಡು ಕೂತಿದ್ದರು. ಅವನ ದೊಡ್ಡಪ್ಪ ವಿಷಯ ಕೇಳುತ್ತಲೇ ಕೆರಳಿದ. ಮನೆತನದಲ್ಲಿ ಇಲ್ಲದ ಪದ್ಧತಿ, ವರ್ಷದೊಳಗೆ ಸಿನೆಮಾ ನೋಡಿದರೆ ಜನ ಮುಖಕ್ಕೆ ಉಗುಳುತ್ತಾರೆ ಎಂದ. ಸೊಸೆ ತಲೆ ತಗ್ಗಿಸಿ ನಿಂತಳು. ನಾನು ನಡುವೆ ಬಾಯಿ ಹಾಕಲಿಲ್ಲ, ಬೇರೆಯವರ ಮನೆಯ ಮಾತು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು, ಕಂಬಳಿಯ ಮೇಲಿನ ಹುಲ್ಲನ್ನು ಒಂದೊಂದಾಗಿ ಆರಿಸುತ್ತ ಹೇಳಿದರು.

‘ನನ್ನ ಮಗನ್ನ ನೋಡಾಕ ಹೋಗೂದು ಸಿನೆಮಾ ಹೆಂಗ ಆಗತೈತಿ? ನಾನೂ ಬರತೇನಿ.’

ದೊಡ್ಡಪ್ಪ ಕೋಲು ತೆಗೆದುಕೊಂಡು ಕುರಿಗಳ ಕಡೆಗೆ ಹೋದ.

ಸಿನೆಮಾ ಜಮಖಂಡಿಗೆ ಬಂತು. ಶನಿವಾರ ಮ್ಯಾಟಿನಿಗೆ ಹೋಗುವುದೆಂದು ಮಾತಾಯಿತು. ಆ ದಿನ ನಾನು ಮುಂಜಾನೆಯೇ ನಾಲ್ಕೂ ಮಗ್ಗದ ಸ್ವಿಚ್ಚು ಆರಿಸಿದೆ. ಗುಟ್ಕಾದವನು ಉಗುಳಿ ಬಂದು, ಏನ್ರಿ ಮಾಲಕ್ರ, ಲೈಟ್ ಐತಲ್ಲ ಎಂದು ಕೇಳಿದ. ರಜೆ ಎಂದೆ. ಹಬ್ಬ ಹುಣ್ಣಿಮೆ ಬಿಟ್ಟರೆ ನನ್ನ ಶೆಡ್ಡು ಲೈಟಿದ್ದೂ ನಿಂತದ್ದು ಅದೇ ಮೊದಲು.

ಕಂಡಕ್ಟರ ತನ್ನ ಪಾಳಿ ಬದಲಿಸಿಕೊಂಡು ಬಂದಿದ್ದ. ಚಾದಂಗಡಿಯವ ಅಂಗಡಿ ಮುಚ್ಚಿ ಬಂದಿದ್ದ, ಜೀವಮಾನದಲ್ಲಿ ಸಿನೆಮಾಕ್ಕಾಗಿ ಅವನು ಅಂಗಡಿ ಮುಚ್ಚಿದ್ದಿಲ್ಲ. ಟಾಕೀಸಿನಲ್ಲಿ ಜನ ಕಡಿಮೆ. ಹೀರೋನ ಅಭಿಮಾನಿ ಹುಡುಗರು ಮುಂದೆ ಕೂತು ಸೀಟಿ ಹೊಡೆಯುತ್ತಿದ್ದರು. ಕಂಡಕ್ಟರ ನನ್ನ ಪಕ್ಕಕ್ಕೆ ಕೂಡ್ರಲು ಹೋದಾಗ ಚಾದಂಗಡಿಯವ ಅವನನ್ನು ಒಂದು ಕುರ್ಚಿ ಆಚೆಗೆ ಸರಿಸಿದ. ನಡುವೆ ಒಂದು ಕುರ್ಚಿ ಖಾಲಿ ಉಳಿಯಿತು. ಮುದುಕಿ ಸೆರಗಿನ ಗಂಟಿನಿಂದ ಬೀರೇಶ್ವರನ ಅರಿಶಿನದ ಭಂಡಾರ ತೆಗೆದು ಪರದೆಯ ಕಡೆಗೆ ಚಿಟಿಕೆಯಷ್ಟು ತೂರಿ ಕೈ ಮುಗಿದು ಕೂತರು.

ಸಿನೆಮಾದ ಕತೆ ನನಗೆ ನೆನಪಿಲ್ಲ. ಕಾಯುತ್ತಿದ್ದವನಿಗೆ ಕತೆ ಯಾಕೆ ಬೇಕು? ಹಾಡು ಬಂತು, ಹೊಡೆದಾಟ ಬಂತು, ಹೊಟ್ಟೆ ದೊಡ್ಡದಿದ್ದ ಆ ನಾಯಿ ಬಂತು. ಚಾದಂಗಡಿಯವ ಗೊಣಗಿದ. ಅರ್ಧಕ್ಕೆ ಸ್ವಲ್ಪ ಮುಂಚೆ ಕುಸ್ತಿಯ ಕಣ ಬಂತು. ಕೆಮ್ಮಣ್ಣು, ಡೊಳ್ಳಿನ ಸದ್ದು, ಹಳದಿ ಪಟಕಗಳು. ನನ್ನ ಕೈ ಮುಂದಿನ ಕುರ್ಚಿಯನ್ನು ಹಿಡಿದಿತ್ತು. ಹೀರೋ ಎದುರಾಳಿಯನ್ನು ಎತ್ತಿದ, ಕ್ಯಾಮರಾ ಅವನನ್ನು ಬಿಟ್ಟು ಕಣದ ಸುತ್ತ ನಿಂತವರ ಮುಖಗಳ ಮೇಲೆ ಒಂದೊಂದಾಗಿ ಸರಿಯತೊಡಗಿತು. ಒಬ್ಬ, ಇನ್ನೊಬ್ಬ, ಬಾಯಿಗೆ ಕೈ ಹಿಡಿದು ಕೂಗುವ ಮತ್ತೊಬ್ಬ.

ಆಮೇಲೆ ಅವನು. ಮನೆಯ ಗೋಡೆಯಷ್ಟು ದೊಡ್ಡ ಮುಖ. ಚುಂಗು ಕಿವಿಯ ಮೇಲೆ. ಸುತ್ತಲಿನವರೆಲ್ಲ ಕಣದ ಕಡೆ ನೋಡುತ್ತಿದ್ದರೆ ಅವನೊಬ್ಬ ನೇರ ನಮ್ಮ ಕಡೆ ನೋಡುತ್ತಿದ್ದ. ಗಾಯದ ಗೆರೆ ಮೊದಲು ಅಲುಗಿತು. ಟಾಕೀಸಿನ ತುಂಬ ಬೇರೆಲ್ಲಿಯೋ ತುಂಬಿದ ಜನರ ಕೂಗು, ಡೊಳ್ಳು, ಹುಡುಗರ ಸೀಟಿ. ಶೆಡ್ಡಿನೊಳಗಿನ ಗದ್ದಲ ಹೇಗೋ ಹಾಗೆ. ಆ ಗದ್ದಲದ ಆಚೆಯಿಂದ ಅವನು ಅವಸರವಿಲ್ಲದೆ ತುಟಿ ಆಡಿಸಿದ.

‘ಲೇ, ನೀ ಬರಬೇಕಿತ್ತಲೇ.’

ಮುಖ ಸರಿದು ಹೋಯಿತು.

ಮುದುಕಿ ಎಲ್ಲಿ, ಎಲ್ಲಿ ಎನ್ನುತ್ತಿದ್ದರು. ಅವರ ಕಣ್ಣು ತಲುಪುವ ಮೊದಲೇ ಮಗ ಹೋಗಿದ್ದ. ಅರ್ಧಕ್ಕೆ ದೀಪ ಹತ್ತಿದಾಗ ಕಂಡಕ್ಟರ ನನ್ನ ಕಡೆ ಬಾಗಿ, ಏನಂದ ಎಂದು ಕೇಳಿದ. ಸರಿಯಾಗಿ ಕಾಣಲಿಲ್ಲ ಎಂದೆ. ಆಚೆ ಕೂತಿದ್ದ ಅವನ ಹೆಂಡತಿ ಎದ್ದು ನಿಂತಳು. ಕಣ್ಣಲ್ಲಿ ನೀರಿರಲಿಲ್ಲ.

‘ಕಾಣಲಿಲ್ಲ ಅನಬ್ಯಾಡ್ರಿ ಅಣ್ಣಾ. ಲೇ, ನೀ ಬರಬೇಕಿತ್ತಲೇ ಅಂದರು. ನನಗ ಅವರು ಯಾವತ್ತೂ ಲೇ ಅಂದವರಲ್ಲ. ನಿಮಗ ಅಂದಾರ.’

ಅವಳು ಅತ್ತೆಯ ಪಕ್ಕಕ್ಕೆ ಕೂತು, ಅವರ ಕೈ ಹಿಡಿದು, ಮುಂದಿನ ಆಟಕ್ಕೂ ಇರೋಣ, ಈ ಸಲ ಎಲ್ಲಿ ಬರತಾರಂತ ಮೊದಲೇ ತೋರಸತೇನಿ ಎಂದಳು. ನಾವೆಲ್ಲ ಮುಂದಿನ ಆಟಕ್ಕೂ ಕೂತೆವು. ಎರಡನೆಯ ಸಲ ಅವಳು ಅತ್ತೆಯ ಗದ್ದ ಹಿಡಿದು ಪರದೆಯ ಆ ಕಡೆಗೇ ತಿರುಗಿಸಿ ಇಟ್ಟಿದ್ದಳು. ಮುದುಕಿ ಮಗನನ್ನು ಕಂಡರು. ಅವನ ತುಟಿಯನ್ನು ನೋಡಲಿಲ್ಲ, ಪಟಕವನ್ನು ನೋಡಿದರು. ‘ನಮ್ಮಂಗ ಸುತ್ಯಾನ’ ಎಂದು ಅಷ್ಟೇ ಅಂದರು. ನಾನು ಆ ಸಲ ಕಣ್ಣು ಮುಚ್ಚಬೇಕೆಂದುಕೊಂಡಿದ್ದೆ. ಆಗಲಿಲ್ಲ. ಅವನು ಮತ್ತೆ ನನ್ನನ್ನೇ ನೋಡಿ ಅದನ್ನೇ ಹೇಳಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಮುಂದಿನ ಸೀಟಿನಲ್ಲಿದ್ದಳು. ಮುದುಕಿ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು. ಹೊರಗೆ ಕಬ್ಬು, ಕತ್ತಲೆ. ಅವಳು ಹಿಂದಕ್ಕೆ ತಿರುಗಿ ಹೇಳಿದಳು.

‘ನನಗ ಅಲ್ಲಿ ಏನೂ ಅಂದಿಲ್ಲ ಅಂದ್ರ ಅವರಿಗೆ ನನ್ನ ಮ್ಯಾಲ ಸಿಟ್ಟಿರಲಿಲ್ಲ ಅಂತನ ಅಲ್ಲೇನ್ರಿ? ಸಿಟ್ಟ ಇದ್ದಿದ್ದರ ಅದನ್ನ ಅಂತಿದ್ದರು. ಅಲ್ಲಿ ನಿಂತಾಗ ಅವರ ಮನಸಿನ್ಯಾಗ ಅದು ಇರಲೇ ಇಲ್ಲ.’

ಹೌದು ತಂಗಿ ಎಂದೆ. ಅದು ಖರೆಯೂ ಇತ್ತು. ಅವಳು ಮುಂದಕ್ಕೆ ತಿರುಗಿ, ಜಮಖಂಡಿಯಲ್ಲಿ ಕಟ್ಟಿಸಿಕೊಂಡಿದ್ದ ಭಜಿಯ ಪೊಟ್ಟಣ ಬಿಚ್ಚಿ ತಿನ್ನತೊಡಗಿದಳು. ಅವನು ಸತ್ತ ಮೇಲೆ ಅವಳು ಹಸಿದು ತಿನ್ನುವುದನ್ನು ನಾನು ನೋಡಿದ್ದು ಅಂದೇ.

ಅವಳ ಭಾರ ಇಳಿಯಿತು. ಅದು ನನ್ನ ಕಡೆಗೆ ಬಂತು. ಅವನು ಅದನ್ನು ಚೇಷ್ಟೆಗೆ ಅಂದದ್ದು, ನನಗೆ ಗೊತ್ತಿದೆ. ಬಿಸಿಲಲ್ಲಿ ನಿಂತು, ಮಗ್ಗ ಕಾಯುತ್ತಿದ್ದ ನನ್ನನ್ನು ನೆನೆದು ಉರಿಸಲು ಅಂದದ್ದು. ಆದರೆ ಚೇಷ್ಟೆ ಆಡಿದವನು ಈಗ ಎಲ್ಲಿದ್ದಾನೆ? ಸತ್ತವನು ಅಲ್ಲಿಂದ ಆಡುವ ಮಾತಾಗಿ ಕೇಳಿದರೆ ಅದು ಚೇಷ್ಟೆಯಾಗಿ ಉಳಿಯುವುದಿಲ್ಲ. ನಾಳೆ ಆ ಸಿನೆಮಾ ಟೀವಿಗೆ ಬರುತ್ತದೆ, ಹಬ್ಬಕ್ಕೊಮ್ಮೆ ಹಾಕುತ್ತಾರೆ. ಪ್ರತಿ ಸಲ ಅವನು ಅದೇ ಜಾಗದಲ್ಲಿ ನನ್ನ ಕಡೆ ತಿರುಗಿ ಕರೆಯುತ್ತಾನೆ, ವಯಸ್ಸಾಗದೆ.

ಮರುವಾರ ಗುಟ್ಕಾದವನನ್ನು ನನ್ನ ಜೋಡಿಗೆ ಹಚ್ಚಿ, ಎದುರಿನವನ ಜೋಡಿಯನ್ನು ನಾನು ಹಿಡಿದೆ. ಅತ್ತ ನಿಂತು ನೋಡುವುದಕ್ಕಿಂತ ಇತ್ತ ನಿಲ್ಲುವುದೇ ಲೇಸು ಎನಿಸಿತು. ಇಲ್ಲಿಂದ ತಲೆ ಎತ್ತಿದರೆ ನಾನು ಇಷ್ಟು ವರ್ಷ ನಿಂತಿದ್ದ ಜಾಗ ಕಾಣುತ್ತದೆ. ಅವನಿಗೆ ಕಂಡದ್ದು ಇದೇ. ತಲೆ ತಗ್ಗಿಸಿ ಎಳೆ ನೋಡುತ್ತಿದ್ದ ಒಬ್ಬ ಮನುಷ್ಯ, ಕರೆದಾಗ ಮಾತ್ರ ಮೇಲೆ ನೋಡುವವ.

ಚಾದಂಗಡಿಯ ಕೂಟ ನಡೆದಿದೆ. ದಸರೆಗೆ ಒಂದು ದೊಡ್ಡ ಸಿನೆಮಾ ಬರುವುದಿದೆ, ಕಂಡಕ್ಟರ ಮುಧೋಳದ ಪೋಸ್ಟರಿನ ಸುದ್ದಿ ತಂದಿದ್ದಾನೆ, ಚಾದಂಗಡಿಯವ ಈಗಾಗಲೇ ಬೈದಿದ್ದಾನೆ. ನಾನು ಮೊದಲ ದಿನವೇ ಬರುತ್ತೇನೆಂದು ಹೇಳಿದ್ದೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ನಾಲ್ಕು ಮಗ್ಗ, ಒಂದು ಕಂಡಿಕೆ ರಾಟೆ, ತಗಡಿನ ಶೆಡ್ಡು ಒಂದು, ಮೂರು ಕೋಣೆಯ ಮನೆ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಒಂದು ಬೈಕು, ಅರ್ಧ ಕೇಳುವ ಎರಡು ಕಿವಿ, ಚೆನ್ನಾಗಿ ಕಾಣುವ ಎರಡು ಕಣ್ಣು.